ಬೇಡಿ ತಂದ ಎಲೆ

ಊಟ ಮುಗಿದ ಮೇಲೆ ಎಲೆಯ ಅಂಚಿನಿಂದ ಒಂದು ಕಡ್ಡಿ ಕಿತ್ತು ಹಲ್ಲಿಗೆ ಹಾಕಿಕೊಳ್ಳುವುದು ನನ್ನ ಕೆಟ್ಟ ಅಭ್ಯಾಸಗಳಲ್ಲಿ ಒಂದು. ಮಧುಗಿರಿಯ ಹೈಸ್ಕೂಲಿನಲ್ಲಿ ಮಕ್ಕಳಿಗೆ ಶಿಸ್ತು ಹೇಳಿ ಹೇಳಿ ನಾನು ನಿವೃತ್ತಳಾದೆ, ಈ ಅಭ್ಯಾಸ ಮಾತ್ರ ಆಗಲಿಲ್ಲ. ಮೊನ್ನೆ ಸಿರಾದ ಒಂದು ಕಲ್ಯಾಣಮಂಟಪದಲ್ಲಿ ಅದೇ ನನ್ನ ಮಾನ ಕಳೆಯಿತು. ಮದುವೆಯ ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿ. ಊಟಕ್ಕೆ ಕೂತರೆ ಮುಂದೆ ಇಸ್ತ್ರಿ ಎಲೆ. ಮುತ್ತುಗದ ಎಲೆಗಳನ್ನು ದುಂಡಗೆ ಜೋಡಿಸಿ ಕಡ್ಡಿ ಚುಚ್ಚಿ ಹೊಲಿದ ಆ ಊಟದೆಲೆಯನ್ನು ಕಂಡು ಎಷ್ಟೋ ಕಾಲವಾಗಿತ್ತು. ಕನ್ನಡಕ ಬ್ಯಾಗಿನಲ್ಲಿತ್ತು, ಕಣ್ಣಿನ ತುಂಬ ಸಂತೋಷವಿತ್ತು, ಅದೇ ಸಂತೋಷದಲ್ಲಿ ಒಂದು ಹೋಳಿಗೆ ಹೆಚ್ಚೇ ಹಾಕಿಸಿಕೊಂಡೆ. ಊಟ ಮುಗಿಸಿ ಅಂಚಿನ ಕಡ್ಡಿಗೆ ಉಗುರು ಹಾಕಿದೆ. ಬರಲಿಲ್ಲ. ಇನ್ನೊಂದಕ್ಕೆ ಹಾಕಿದೆ, ಅದೂ ಬರಲಿಲ್ಲ. ಎಲೆಯನ್ನು ಸುತ್ತ ತಿರುಗಿಸುತ್ತ ಕೆರೆಯುತ್ತಲೇ ಇದ್ದೆ. ಪಕ್ಕದಲ್ಲಿ ಕೂತಿದ್ದ ಹುಡುಗಿ ಮೆಲ್ಲಗೆ, "ಮಿಸ್, ಅದು ಪ್ರಿಂಟು" ಎಂದಳು.

ಕಾಗದದ ತಟ್ಟೆಯ ಮೇಲೆ ಎಲೆ, ಎಲೆಯ ನರ, ಹೊಲಿಗೆ, ಕಡ್ಡಿ ಎಲ್ಲವನ್ನೂ ಅಚ್ಚು ಹಾಕಿ ಮೇಲೆ ಪ್ಲಾಸ್ಟಿಕ್ ಬಳಿದಿದ್ದರು. ಕನ್ನಡಕ ಹಾಕಿಕೊಂಡು ನೋಡಿದರೆ ಒಂದು ಎಲೆಯ ಮೂಲೆಯಲ್ಲಿ ಹುಳು ತಿಂದ ತೂತು ಕೂಡ ಇತ್ತು. ಆ ತೂತನ್ನೂ ಅಚ್ಚು ಹಾಕಿದವನ ಕೈ ಸೇದಿಹೋಗಲಿ ಎಂದು ಮನಸ್ಸಿನಲ್ಲೇ ಹರಸಿ ಎದ್ದು ಬಂದೆ. ಒಂದು ತಟ್ಟೆಯ ಮೇಲೆ ಇಷ್ಟು ಸಿಟ್ಟು ಯಾಕೆ ಎಂದು ನೀವು ಕೇಳಬಹುದು. ಕೇಳಿ, ಹೇಳುತ್ತೇನೆ. ಹೇಳದಿದ್ದರೆ ನನಗೂ ಆ ಹೋಳಿಗೆ ಅರಗುವುದಿಲ್ಲ.

ನಮ್ಮ ದೊಡ್ಡಮ್ಮನ ಊರು ಮಧುಗಿರಿಯಿಂದ ಕೊರಟಗೆರೆ ಕಡೆಗೆ ಹೋಗುವಾಗ ಒಳಗೆ, ಒಂದು ಬೆಟ್ಟದ ಬುಡದಲ್ಲಿದೆ. ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ಬೆಳಿಗ್ಗೆ ಯಾರಾದರೂ ಸೆಲ್ಫಿ ತೆಗೆಯಲು ಹೊರಡುತ್ತಾರೆ. ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ, ಸಿದ್ದಮ್ಮ. ಅವಳ ಗಂಡನ ಮನೆಯವರು ತಲೆತಲಾಂತರದಿಂದ ಆ ಬೆಟ್ಟದ ಮೇಲಿನ ಗುಂಡುಕಲ್ಲಿನ ಸಂದಿಯಲ್ಲಿರುವ ಲಿಂಗಕ್ಕೆ ಸೋಮವಾರ ಸೋಮವಾರ ದೀಪ ಹಚ್ಚುವವರು. ಊರಿನವರು ಆ ದೇವರನ್ನು ಬೆಟ್ಟದಪ್ಪ ಅನ್ನುತ್ತಾರೆ, ದೊಡ್ಡಮ್ಮ ಬರೀ ಅಪ್ಪ ಅನ್ನುತ್ತಾಳೆ. ದೀಪದ ಜೊತೆಗೆ ಆ ಮನೆಗೆ ಇನ್ನೊಂದು ಕೆಲಸ ಅಂಟಿಕೊಂಡು ಬಂದಿತ್ತು. ಊರಿನಲ್ಲಿ ಯಾರ ಮದುವೆಯಾಗಲಿ, ತಿಥಿಯಾಗಲಿ, ಊಟದ ಎಲೆ ಆ ಮನೆಯಿಂದಲೇ ಹೋಗಬೇಕು. ಮಾರುವ ಪ್ರಶ್ನೆಯೇ ಇಲ್ಲ. ಮದುವೆಯವರು ಒಂದು ರವಿಕೆ ಕಣ, ತಿಥಿಯವರು ಒಂದಿಷ್ಟು ರಾಗಿ ಕೊಟ್ಟರೆ ಉಂಟು, ಕೊಡದಿದ್ದರೂ ಉಂಟು. ಜಾತಿ ಯಾವುದಾದರೂ ಸರಿ, ಬೆಟ್ಟದ ಎಲೆಯ ಮೇಲೆ ಉಂಡರೇ ಊಟ ಅಂತ ಲೆಕ್ಕ.

ನನ್ನ ಬಾಲ್ಯದ ಬೇಸಿಗೆಗಳೆಲ್ಲ ಆ ಎಲೆಯಲ್ಲೇ ಕಳೆದವು. ಶಿವರಾತ್ರಿ ಆದ ಮೇಲೆ ಮುತ್ತುಗದ ಮರಗಳು ಎಲೆ ಉದುರಿಸಿ ಬರಿ ಹೂವಾಗಿ ನಿಲ್ಲುತ್ತವೆ. ಹೂ ಉದುರಿದ ಮೇಲೆ ಹೊಸ ಎಲೆ. ಅದು ಎಳಸು ಕಳೆದು ಸ್ವಲ್ಪ ಬಲಿಯುವ ಹೊತ್ತಿಗೆ ನಮಗೆ ಪರೀಕ್ಷೆ ಮುಗಿದಿರುತ್ತಿತ್ತು. ದೊಡ್ಡಮ್ಮ, ಅವಳ ಮಗ ಬಸಣ್ಣ, ಕೇರಿಯ ಒಂದಷ್ಟು ಹೆಂಗಸರು, ನಾನು, ಬೆಳಿಗ್ಗೆ ಮುದ್ದೆ ಉಂಡು ಬೆಟ್ಟ ಹತ್ತುತ್ತಿದ್ದೆವು. ಹತ್ತಿದ ತಕ್ಷಣ ಎಲೆಗೆ ಕೈ ಹಾಕುವಂತಿಲ್ಲ. ಮೊದಲು ಲಿಂಗದ ಮುಂದಿನ ಬಂಡೆಯ ಮೇಲೆ ಎಲ್ಲರೂ ಕೂರಬೇಕು. ದೊಡ್ಡಮ್ಮ ಸೆರಗೊಡ್ಡಿ, "ಅಪ್ಪಾ, ನಿಂದು ನಿಂಗೇ ಇರ್ಲಿ, ಇವತ್ತಿಗೆ ಆಗೋವಷ್ಟು ಕೊಡು" ಎಂದು ಬೇಡುತ್ತಿದ್ದಳು. ಬೇಡಿದ ಮೇಲೆ ಎದುರಿನ ಮರದಲ್ಲಿ ಒಂದು ಎಲೆ ಅಲ್ಲಾಡಬೇಕು. ಅಲ್ಲಾಡಿದರೆ ಅಪ್ಪಣೆಯಾಯಿತು.

ವೈಶಾಖದ ಬಿಸಿಲು. ಎಲೆ ಅಲ್ಲಾಡುವುದಕ್ಕೆ ಗಾಳಿ ಎಲ್ಲಿಂದ ಬರಬೇಕು? ಬಂಡೆ ಕಾದ ಹೆಂಚಿನಂತಾಗಿ ಕೂತ ಜಾಗ ಚುರುಗುಟ್ಟುತ್ತಿತ್ತು. ನಾವು ಒಂದು ಕುಂಡಿಯಿಂದ ಇನ್ನೊಂದಕ್ಕೆ ಭಾರ ಬದಲಾಯಿಸುತ್ತ ಕಾಯುತ್ತಿದ್ದೆವು. ಬಸಣ್ಣ ಒಂದಕ್ಕೆ ಹೋಗುವ ನೆಪದಲ್ಲಿ ಎದ್ದು ಮರದ ಹಿಂದೆ ಹೋಗಿ ಕೊಂಬೆ ಅಲ್ಲಾಡಿಸಿ ಬರುತ್ತಿದ್ದ. ದೊಡ್ಡಮ್ಮನಿಗೆ ಗೊತ್ತಾಗುತ್ತಿರಲಿಲ್ಲ ಅಂತ ನಮ್ಮ ನಂಬಿಕೆ. ಈಗ ಯೋಚಿಸಿದರೆ, ಬಸಣ್ಣನನ್ನು ಒಂದಕ್ಕೆ ಹೋಗು ಅಂತ ಕೆಲವು ಸಲ ಅವಳೇ ಹೇಳುತ್ತಿದ್ದಳು.

ಎಲೆ ತಂದು, ದಾರಕ್ಕೆ ಪೋಣಿಸಿ, ನೆರಳಲ್ಲಿ ಬಾಡಿಸಿ, ಕಲ್ಲು ಹೇರಿ ಚಪ್ಪಟೆ ಮಾಡಿ, ಮಧ್ಯಾಹ್ನದ ಹೊತ್ತು ಜಗಲಿಯ ಮೇಲೆ ಹಂಚಿಕಡ್ಡಿಯಿಂದ ಹೊಲಿಯುವುದು. ನಾನು ಹೊಲಿದ ಎಲೆಯಲ್ಲಿ ಸಾರು ಸೋರುತ್ತಿತ್ತು. ನನ್ನ ಎಲೆಗಳನ್ನು ದೊಡ್ಡಮ್ಮ ಬೇರೆಯಾಗಿ ಕಟ್ಟಿಟ್ಟು, ನಮ್ಮ ಮನೆಯವರು ಬಂದಾಗ ಮಾತ್ರ ಹಾಕುತ್ತಿದ್ದಳು. ನಮ್ಮಪ್ಪ ಪ್ರತಿ ಸಲವೂ ಪಂಚೆಯ ಮೇಲೆ ಸಾರು ಸುರಿಸಿಕೊಂಡು, "ಇದು ನನ್ನ ಮಗಳ ಕೈಗುಣ" ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಒಂದು ಬೇಸಿಗೆ ಬೆಟ್ಟ ಇಳಿಯುವಾಗ ನಾನು ಕುಣಿಯುತ್ತ, "ನಮ್ಮ ಬೆಟ್ಟದಷ್ಟು ಎಲೆ ಇನ್ನೆಲ್ಲೂ ಇಲ್ಲ" ಅಂದೆ. ದೊಡ್ಡಮ್ಮ ತಲೆಯ ಮೇಲಿನ ಹೊರೆ ಇಳಿಸಿದಳು. ನನ್ನ ರಟ್ಟೆ ಹಿಡಿದು ಮತ್ತೆ ಮೇಲಕ್ಕೆ ಕರೆದುಕೊಂಡು ಹೋಗಿ, ಲಿಂಗದ ಮುಂದೆ ಕಿವಿ ಹಿಡಿಸಿ ಬಸ್ಕಿ ಹೊಡೆಸಿದಳು. "ನಮ್ದು ಅನ್ನಬ್ಯಾಡ ಕಣವ್ವ. ನಮ್ದು ಅಂದೋರ ಮನೇಲಿ ದೀಪ ಉಳಿದಿಲ್ಲ. ಅಪ್ಪುಂದು. ನಾವು ಬೇಡಿ ತರೋರು" ಅಂದಳು. ಅವಳ ಮುಖ ನೋಡಿ ಹೆದರಿಕೆಯಾಯಿತು. ಕೋಪಕ್ಕಿಂತ ಹೆಚ್ಚಾಗಿ ಅವಳೇ ಹೆದರಿದ್ದಳು. ಆಮೇಲೆ ಆ ಊರಲ್ಲಿ ನಾನು ನೋಡುತ್ತ ಬಂದೆ, ಬೆಟ್ಟದ ಒಂದು ಸೀತಾಫಲವನ್ನಾಗಲಿ, ಬಂಡೆಯ ದೊಣೆಯಲ್ಲಿ ನಿಂತ ಒಂದು ಬೊಗಸೆ ನೀರನ್ನಾಗಲಿ ಯಾರೂ ನಮ್ಮದು ಅನ್ನುತ್ತಿರಲಿಲ್ಲ. ಕರಡಿ ಎದುರಾದರೂ ನಾವೇ ದಾರಿ ಬಿಡಬೇಕು, ಅದು ಅಪ್ಪನ ಮನೆಯ ಮಗ, ನಾವು ಹೊರಗಿನವರು.

ಇದನ್ನೆಲ್ಲ ಮರೆತು ನಾನು ಓದಿ, ಬಿ.ಎಡ್. ಮಾಡಿ, ಮೇಡಂ ಆದೆ. ಜೀವನಪೂರ್ತಿ ಒಂದು ಪ್ರಶ್ನೆ ಕೇಳಿದೆ. ರಾಷ್ಟ್ರೀಯ ಉದ್ಯಾನವನಕ್ಕೂ ವನ್ಯಜೀವಿಧಾಮಕ್ಕೂ ಇರುವ ವ್ಯತ್ಯಾಸವೇನು? ಎರಡು ಅಂಕ. ಇದಕ್ಕೆ ಬಂದ ಉತ್ತರಗಳನ್ನು ಕೂಡಿಸಿಟ್ಟಿದ್ದರೆ ಒಂದು ಹಾಸ್ಯ ಸಂಚಿಕೆಯಾಗುತ್ತಿತ್ತು. "ಉದ್ಯಾನವನದಲ್ಲಿ ಸಂಜೆ ಹೊತ್ತು ಕಡಲೆಕಾಯಿ ಸಿಗುತ್ತದೆ, ಧಾಮದಲ್ಲಿ ಸಿಗುವುದಿಲ್ಲ" ಎಂದು ಒಬ್ಬ ಬರೆದಿದ್ದ. "ಉದ್ಯಾನವನದ ಹುಲಿ ರಾಷ್ಟ್ರದ್ದು, ಧಾಮದ ಹುಲಿ ರಾಜ್ಯದ್ದು" ಎಂದು ಪಾವಗಡದ ಕಡೆಯ ಹುಡುಗಿಯೊಬ್ಬಳು ಬರೆದಿದ್ದಳು. ಅವಳಿಗೆ ನಾನು ಅರ್ಧ ಅಂಕ ಕೊಟ್ಟೆ, ಬೈಯುವುದಕ್ಕೆ ಮನಸ್ಸು ಬರಲಿಲ್ಲ. ಸರಿಯುತ್ತರವನ್ನು ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸುತ್ತಿದ್ದೆ. ಉದ್ಯಾನವನದಲ್ಲಿ ಮನುಷ್ಯರ ಎಲ್ಲ ಚಟುವಟಿಕೆಗೂ ನಿಷೇಧ, ದನ ಮೇಯಿಸುವಂತಿಲ್ಲ, ಸೌದೆ ಸೊಪ್ಪು ತರುವಂತಿಲ್ಲ, ಯಾರಿಗೂ ಯಾವ ಹಕ್ಕೂ ಉಳಿಯುವುದಿಲ್ಲ. ವನ್ಯಜೀವಿಧಾಮದಲ್ಲಿ ಹಾಗಲ್ಲ, ಅಲ್ಲಿ ಜನರಿಗೆ ಮೊದಲಿನಿಂದ ಇದ್ದ ಕೆಲವು ಹಕ್ಕುಗಳು ಕಟ್ಟುಪಾಡಿನೊಳಗೆ ಮುಂದುವರಿಯಬಹುದು. ಎಷ್ಟು ನಾಜೂಕಾದ ವಾಕ್ಯ ನೋಡಿ. ಯಾರ ಹಕ್ಕು, ಅದನ್ನು ಯಾರು ಕೇಳಬೇಕು, ಹೇಗೆ ಕೇಳಬೇಕು ಅನ್ನುವುದು ಗೈಡಿನಲ್ಲಿ ಇರಲಿಲ್ಲ. ಯಾವ ಹುಡುಗನೂ ಕೇಳಲಿಲ್ಲ.

ಕೆಲವು ವರ್ಷದ ಹಿಂದೆ ದೊಡ್ಡಮ್ಮನ ಊರಿನ ಬೆಟ್ಟವನ್ನು ಕರಡಿಗಳಿಗಾಗಿ ವನ್ಯಜೀವಿಧಾಮ ಮಾಡುತ್ತಾರೆಂದು ಸುದ್ದಿ ಬಂತು. ನನಗೆ ಒಳಗೊಳಗೇ ಖುಷಿ. ಜೀವನಪೂರ್ತಿ ಮಾಡಿದ ಪಾಠ ನಮ್ಮ ಮನೆಯ ಹಿತ್ತಿಲಿಗೇ ಬಂತಲ್ಲ. ಊರಿಗೆ ಹೋದರೆ ಬಸಣ್ಣ ಮುಖ ಗಂಟು ಹಾಕಿಕೊಂಡಿದ್ದ. ಈಗ ಅವನಿಗೂ ತಲೆ ಬೆಳ್ಳಗಾಗಿದೆ, ಸೊಸೆ ಬಂದಿದ್ದಾಳೆ.

"ಮಾಡಾದು ಮಾಡ್ತಾರೆ, ನ್ಯಾಷನಲ್ ಪಾರ್ಕೇ ಮಾಡ್ಬಾರ್ದಾ ನಾಗು? ಬಂಡೀಪುರ್ದಂಗೆ ಬಸ್ಸು, ಹೋಟ್ಲು ಬರಾವು. ನಮ್ಗೆ ಮಾತ್ರ ಯಾಕೆ ಸೆಕೆಂಡ್ ಕ್ಲಾಸು" ಅಂದ.

"ಲೇ ಬಸಣ್ಣ, ನ್ಯಾಷನಲ್ ಪಾರ್ಕ್ ಆಗಿದ್ರೆ ನಿನ್ನ ಮೇಕೆ ಬಾಲಕ್ಕೂ ಅಲ್ಲಿ ಜಾಗ ಇರ್ತಿರಲಿಲ್ಲ. ಧಾಮ ಆದದ್ದೇ ನಿಮ್ಮ ಪುಣ್ಯ. ಆಫೀಸರು ಬಂದು ಕೇಳ್ತಾರೆ, ನಿಮಗೆ ಏನೇನು ಹಕ್ಕಿದೆ ಅಂತ. ಇದೆ ಅಂದರೆ ಮುಗೀತು, ದಾರಿಯೂ ಉಳಿಯುತ್ತೆ, ಎಲೆಯೂ ಉಳಿಯುತ್ತೆ" ಎಂದು ಜಗಲಿಯ ಮೇಲೆ ನಿಂತು ಪಾಠ ಮಾಡಿದೆ. ಕೇರಿಯವರೆಲ್ಲ ತಲೆದೂಗಿದರು. ದೊಡ್ಡಮ್ಮ ಒಳಗೆ ಬತ್ತಿ ಹೊಸೆಯುತ್ತಿದ್ದಳು, ಅವಳೂ ಕೇಳಿಸಿಕೊಂಡಳು ಅಂದುಕೊಂಡೆ.

ಆಫೀಸರು ಬಂದ ದಿನ ನಾನೂ ಹೋಗಿದ್ದೆ. ಅರಳಿಕಟ್ಟೆಯ ಮುಂದೆ ಶಾಮಿಯಾನ ಹಾಕಿದ್ದರು. ಎದುರಿಗೆ ಬೆಟ್ಟ. ಆಫೀಸರು ಚಿಕ್ಕ ವಯಸ್ಸಿನವರು, ಒಳ್ಳೆಯ ಮನುಷ್ಯ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಬೈಯುವುದಕ್ಕೆ ಒಬ್ಬ ಕೆಟ್ಟವನಾದರೂ ಸಿಕ್ಕಿದ್ದರೆ ನನ್ನ ಹೊಟ್ಟೆಯ ಉರಿ ಅರ್ಧ ಆರಿಹೋಗುತ್ತಿತ್ತು. ಮೊದಲು ಎದ್ದವನು ರಂಗಪ್ಪ. ಹುಲಿಕುಂಟೆ ಕಡೆಯಿಂದ ಬಂದು ಬೆಟ್ಟದ ಮಗ್ಗುಲಲ್ಲಿ ಜಮೀನು ಕೊಂಡವನು, ಬೆಟ್ಟಕ್ಕೆ ಅವನು ಕಾಲಿಟ್ಟಿದ್ದನ್ನು ಯಾರೂ ನೋಡಿಲ್ಲ. "ಸಾರ್, ಬೆಟ್ಟದ ಅಂಚಿನ ದಾರಿ ನಂದು. ನಮ್ಮ ತಾತನ ಕಾಲದಿಂದ್ಲೂ ನಮ್ಮ ಟ್ರ್ಯಾಕ್ಟ್ರು ಅಲ್ಲೇ ಓಡಾಡಾದು" ಎಂದು ಎದೆ ತಟ್ಟಿ ಹೇಳಿದ. ತಾತನ ಕಾಲದ ಟ್ರ್ಯಾಕ್ಟರಿನ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ಬರೆದುಕೊಂಡರು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುವುದು ಸುಳ್ಳಲ್ಲ.

ಆಮೇಲೆ ಆಫೀಸರು ಹೆಂಗಸರ ಕಡೆ ತಿರುಗಿ, ಮುಂದೆಯೇ ಕೂತಿದ್ದ ದೊಡ್ಡಮ್ಮನನ್ನು ಕೇಳಿದರು. "ಈ ಬೆಟ್ಟದಲ್ಲಿ ನಿಮಗೆ ಏನಾದರೂ ಹಕ್ಕು ಇದೆಯೇನಮ್ಮ? ದಾರಿ, ನೀರು, ಪೂಜೆ, ಎಲೆ, ಯಾವುದೇ ಇರಲಿ ಹೇಳಿ."

ದೊಡ್ಡಮ್ಮ ಎದ್ದು ನಿಂತು ಸೆರಗು ಹೊದ್ದುಕೊಂಡಳು. "ನಮ್ದೇನೈತೆ ಸ್ವಾಮಿ. ಎಲ್ಲಾ ಅಪ್ಪುಂದು."

"ಎಲೆ ತರ್ತೀರಂತಲ್ಲ?"

"ತರ್ತೀವಿ. ಬೇಡ್ಕೊಂಡು ತರ್ತೀವಿ."

"ಅಂದರೆ ಅದು ನಿಮ್ಮ ಹಕ್ಕು ಅಂತ ಅಲ್ಲ?"

"ಶಿವ ಶಿವಾ. ಹಕ್ಕು ಅಂತ ಹೋಗಾಕಾದೀತಾ ಅಲ್ಲಿಗೆ."

ನಾನು ಹಿಂದಿನಿಂದ ಅವಳ ಸೆರಗು ಜಗ್ಗಿದೆ. "ದೊಡ್ಡಮ್ಮ, ಇದೆ ಅನ್ನು. ನಮ್ಮದು ಅನ್ನು."

"ಸುಮ್ಕಿರು ನಾಗು. ಎದುರ್ಗೆ ಬೆಟ್ಟ ಕುಂತು ನೋಡ್ತಾ ಐತೆ, ಅದ್ರ ಮುಂದೆ ಸುಳ್ಳಾಡು ಅಂತೀಯ?"

ನಾನೇ ಎದ್ದು ಹೇಳಲು ಹೋದೆ. ಆಫೀಸರು ವಿನಯದಿಂದ, "ನೀವು ಈ ಊರಿನವರಾ ಮೇಡಂ?" ಅಂದರು. ಮಧುಗಿರಿ ಅಂದೆ. "ಹಾಗಾದರೆ ಊರಿನವರೇ ಹೇಳಲಿ" ಎಂದು ದೊಡ್ಡಮ್ಮನನ್ನು ಇನ್ನೊಮ್ಮೆ ಕೇಳಿದರು. ಅವಳು ಇನ್ನೊಮ್ಮೆ ಇಲ್ಲ ಅಂದಳು. ಅವಳ ಹಿಂದೆ ಕೂತಿದ್ದ ಹೆಂಗಸರನ್ನು ಕೇಳಿದರು. "ಸಿದ್ದಮ್ಮಜ್ಜಿ ಹೇಳ್ದಂಗೇಯ" ಎಂದು ಎಲ್ಲರೂ ಒಂದೇ ರಾಗ. ಜಗಲಿಯ ಮೇಲೆ ತಲೆದೂಗಿದ್ದ ಬಸಣ್ಣ ಕೂಡ ನೆಲ ನೋಡುತ್ತ ನಿಂತ. ಬೆಟ್ಟದಲ್ಲಿ ಊರಿನವರಿಗೆ ಯಾವ ಹಕ್ಕೂ ಇಲ್ಲ, ರಂಗಪ್ಪನ ಟ್ರ್ಯಾಕ್ಟರ್ ದಾರಿಯೊಂದು ಬಿಟ್ಟು ಎಂದು ತೀರ್ಮಾನವಾಯಿತು. ಆಮೇಲೆ ಎಲ್ಲರಿಗೂ ಕಾರಾಬೂಂದಿ, ಕಾಫಿ ಕೊಟ್ಟರು.

ಸರ್ಕಾರ ಆ ಊರಿಗೆ ಕೊಟ್ಟಿದ್ದು ವನ್ಯಜೀವಿಧಾಮ. ಅದನ್ನು ತಮ್ಮ ಬಾಯಿಂದಲೇ ತಮ್ಮ ಪಾಲಿಗೆ ನ್ಯಾಷನಲ್ ಪಾರ್ಕ್ ಮಾಡಿಕೊಂಡು ಬೂಂದಿ ತಿಂದು ಎದ್ದರು.

ಬೆಟ್ಟದ ದಾರಿಗೆ ಕಬ್ಬಿಣದ ಗೇಟು ಬಂತು. ಕಾಯುವುದಕ್ಕೆ ಒಬ್ಬ ವಾಚರ್, ಪಾವಗಡದ ಆ ಕಡೆಯ ಹುಡುಗ, ಅರ್ಧ ತೆಲುಗು ಅರ್ಧ ಕನ್ನಡ. ಮೊದಲ ಸೋಮವಾರ ದೊಡ್ಡಮ್ಮ ಎಣ್ಣೆ ಬತ್ತಿ ಹಿಡಿದು ಹೋದಾಗ ಅವನು ಎದ್ದು ಕೈ ಮುಗಿದನಂತೆ. "ಅವ್ವಾ, ಲೋಪಲಿಕಿ, ಒಳಗೆ ಬಿಡಂಗಿಲ್ಲ ಅವ್ವಾ. ಪೈನಿಂದ, ಸಾಹೇಬ್ರ ಆರ್ಡ್ರು. ನನ್ ಕೈಲಿ ಏಮುಂದಿ ಹೇಳು" ಅಂದನಂತೆ. ದೊಡ್ಡಮ್ಮ ಗೇಟಿನ ಹೊರಗೆ ಬಿಸಿಲಿನಲ್ಲಿ ಕೂತಳು. ಅವನಿಗೂ ನೋಡಲಾಗಲಿಲ್ಲ. "ನೇನು ಹಚ್ಚಿ ಬರ್ತೀನಿ ಅವ್ವಾ, ಎಣ್ಣೆ ಕೊಡು. ಎಲೆ ಬೇಕಾದ್ರೂ ಒಂದು ಮೂಟೆ ತಂದ್ಕೊಡ್ತೀನಿ, ಎವರಿಕೀ ತೆಲೀದು" ಅಂದ. ದೊಡ್ಡಮ್ಮ, "ಬ್ಯಾಡ ಕಣಪ್ಪ. ಯಾರ್ಗೂ ಗೊತ್ತಾಗ್ದಂಗೆ ತಂದ್ರೆ ಅದು ಕದ್ದಂಗೆ" ಎಂದು ಎದ್ದು ಬಂದಳು. ಹಾಗಂತ ಸುಮ್ಮನಾಗಲಿಲ್ಲ. ಪ್ರತಿ ಸೋಮವಾರ ಹೋಗುವುದು, ಗೇಟಿನ ಹೊರಗೆ ಒಂದು ಕಲ್ಲಿನ ಮೇಲೆ ದೀಪ ಹಚ್ಚುವುದು, ಗಾಳಿಗೆ ಅದು ಆರುವುದು, ಇವಳು ಬೈದುಕೊಂಡು ಮನೆಗೆ ಬರುವುದು. "ಅಪ್ಪ ಕತ್ಲಾಗೆ ಕುಂತವ್ನೆ" ಎನ್ನುವುದೊಂದೇ ಮಾತು. ಅನ್ನದ ಮುಂದೆ ಕೂತರೂ ಅದೇ.

ಊರಿನಲ್ಲಿ ಮೊದಲ ತಿಥಿ ಬಂತು, ಕಾಗದದ ತಟ್ಟೆ ಬಂತು. ಆಮೇಲೆ ಮದುವೆಗೂ ಅದೇ. ಉಂಡವರು ಕೈ ತೊಳೆಯುವಾಗ ದೊಡ್ಡಮ್ಮನ ಕಿವಿಗೆ ಬೀಳುವಂತೆ ಮಾತಾಡತೊಡಗಿದರು. "ಮುದುಕಿ ಒಂದ್ ಮಾತು ಐತೆ ಅಂದಿದ್ರೆ ಏನ್ ಗಂಟೋಗ್ತಿತ್ತು" ಎಂದು ಅವಳ ಹಿಂದೆ ಕೂತು ರಾಗ ಎಳೆದವರೇ ಹೇಳಿದರು. ಇವರಿಗೇನು ಆ ದಿನ ಬಾಯಲ್ಲಿ ಕಡುಬು ತುರುಕಿದ್ದರಾ? ಬಸಣ್ಣನ ಹೆಂಡತಿ ಪಾರ್ವತಿ ಒಳ್ಳೆಯವಳು, ಆದರೆ ಅವಳೂ ಒಂದು ದಿನ ಸೌದೆ ಒಲೆಗೆ ತುರುಕುತ್ತ, "ನಿಮ್ ಬಾಯಿಂದ ಊರಿಗೆಲ್ಲ ಹಿಂಗಾಯ್ತು ಕಣತ್ತೆ" ಅಂದುಬಿಟ್ಟಳು. ಅವತ್ತು ದೊಡ್ಡಮ್ಮ ಉಣ್ಣಲಿಲ್ಲ. ನನಗೆ ಫೋನು ಬಂತು.

ನಾನು ಸುಮ್ಮನೆ ಕೂರುವವಳಲ್ಲ. ಮಧುಗಿರಿಯಲ್ಲಿ ನನ್ನ ಹತ್ತಿರ ಓದಿದವರು ಇಲ್ಲದ ಕಚೇರಿ ಇಲ್ಲ. ಅಲ್ಲಿ ಇಲ್ಲಿ ಅಲೆದು, ಮೊದಲ ಸಲ ಬಿಟ್ಟುಹೋದವರನ್ನು ಹೊಸದಾಗಿ ಬಂದಿರುವ ಅಧಿಕಾರಿ ಮತ್ತೊಮ್ಮೆ ಕೇಳುತ್ತಾರೆ ಅನ್ನುವುದನ್ನು ತಿಳಿದುಕೊಂಡೆ. ಒಂದೇ ಕಷ್ಟ. ಮೊದಲು ಇಲ್ಲ ಅಂದವಳೇ ಬಂದು ತನ್ನ ಬಾಯಿಂದ ಇದೆ ಅನ್ನಬೇಕು. ಅವಳು ಅಂದರೆ ಊರಿಗೆಲ್ಲ ಸಿಕ್ಕಂತೆ.

ಆಮೇಲೆ ನಡೆದದ್ದು ನನ್ನ ಜೀವನದ ಅತಿ ಕಷ್ಟದ ಪಾಠ. ಕಾಗುಣಿತ ಬಾರದ ಹುಡುಗರನ್ನು ಎಸ್ಸೆಸ್ಸೆಲ್ಸಿ ದಾಟಿಸಿದ್ದೇನೆ, ದೊಡ್ಡಮ್ಮನ ಬಾಯಿಂದ ಎರಡಕ್ಷರ ಹೊರಡಿಸಲಾರದೆ ಸೋತುಹೋದೆ.

"ಹೇಳು ದೊಡ್ಡಮ್ಮ, ದಾರಿ ನಮ್ಮದು."

"ದಾರಿ ಅಪ್ಪುಂದು, ನಾವು ನಡಿಯೋರು ಅಂತೀನಿ. ಸಾಲ್ದಾ?"

"ಸಾಲದು. ನಮ್ಮದು ಅನ್ನಬೇಕು."

"ನಾಲ್ಗೆ ಹೊಳ್ಳಲ್ವಲ್ಲೇ ನಾಗು."

ಕೊನೆಗೆ ನಾನು ಹೇಳಿದೆ, "ನೀನು ಹೀಗೆಯೇ ಇದ್ದರೆ ಅಪ್ಪ ಕತ್ತಲಲ್ಲೇ ಇರ್ತಾನೆ. ನಿನಗೆ ನಿನ್ನ ಮಾತು ದೊಡ್ಡದೋ, ಅವನ ದೀಪ ದೊಡ್ಡದೋ?" ಅವಳು ಕೈಯಲ್ಲಿದ್ದ ಬತ್ತಿಯನ್ನು ಹೊಸೆದು ಮುಗಿಸಿದಳು. ಆಮೇಲೆ ಎದ್ದು, "ಯಾವತ್ತು ಹೋಗಾದು" ಎಂದು ಕೇಳಿದಳು. ನಾನು ಗೆದ್ದೆ ಅಂತ ಹಿಗ್ಗಿದೆ.

ಮಧುಗಿರಿಗೆ ಬಸ್ಸಿನಲ್ಲಿ ಕರೆದುಕೊಂಡು ಬಂದೆ. ಊರು ಹತ್ತಿರವಾಗಿ ಆ ಏಕಶಿಲೆಯ ಬೆಟ್ಟ, ಮೇಲಿನ ಕೋಟೆ ಕಂಡಾಗ ಕೈ ಮುಗಿದಳು. "ಇದನ್ನೂ ಯಾರೋ ನಮ್ದು ಅಂದಿರ್ಬೇಕು ಕಣೇ. ಬರೀ ಗೋಡೆ ಉಳ್ಕೊಂಡವೆ ನೋಡು" ಅಂದಳು. ನನಗೆ ನಗು ಬಂತು, ಅವಳು ನಗಲಿಲ್ಲ.

ಹೊಸ ಅಧಿಕಾರಿ ಹೆಂಗಸು. ಕುರ್ಚಿ ಹಾಕಿಸಿ ಕೂರಿಸಿ, ನೀರು ಕೊಡಿಸಿ, "ಅಜ್ಜಿ, ಹೋದ ಸಲ ಏನೂ ಇಲ್ಲ ಅಂದಿದ್ರಂತೆ. ಈಗ ಏನು ಹೇಳ್ತೀರಿ? ಹೆದರಬೇಡಿ" ಅಂದರು. ದೊಡ್ಡಮ್ಮ ನನ್ನನ್ನು ನೋಡಿದಳು. ಕಿಟಕಿಯ ಹೊರಗೆ ನೋಡಿದಳು, ಅಲ್ಲಿಂದ ಅವಳ ಬೆಟ್ಟ ಕಾಣುವುದಿಲ್ಲ.

"ನಮ್ದು" ಅಂದಳು.

"ಏನು ನಿಮ್ಮದು ಅಜ್ಜಿ?"

"ದಾರಿ ನಮ್ದು. ಎಲೆ ನಮ್ದು. ದೊಣೆ ನೀರು ನಮ್ದು. ಎಲ್ಲಾ ನಮ್ದೇ. ಬರ್ಕಳವ್ವ." ಯಾರಿಗೋ ಶಾಪ ಹಾಕುವವಳ ಹಾಗೆ ಹೇಳಿದಳು. ಹೇಳಿ ಮುಗಿಸಿ ಬಾಯಿ ಮುಕ್ಕಳಿಸಲು ನೀರು ಬೇಕು ಎಂದು ಹೊರಗೆ ಹೋದಳು.

ಕೇಳಿದವರಿಗೆ ಸಿಕ್ಕಿತು. ನಿಧಾನವಾಗಿ ಸಿಕ್ಕಿತು, ಆದರೆ ಸಿಕ್ಕಿತು. ಸೋಮವಾರ ಪೂಜೆಗೆ ದಾರಿ, ಬೇಸಿಗೆಯಲ್ಲಿ ಊರಿನ ಉಪಯೋಗಕ್ಕೆ ಎಲೆ, ಮಾರುವಂತಿಲ್ಲ, ಕೊಂಬೆ ಮುರಿಯುವಂತಿಲ್ಲ. ಮಾರುವ ಕೊಂಬೆ ಮುರಿಯುವ ಜನ ಅವರಲ್ಲವೇ ಅಲ್ಲ. ನಾನು ಒಂದು ಡಬ್ಬ ಮೈಸೂರುಪಾಕು ಹಿಡಿದು ಊರಿಗೆ ಹೋದೆ. ಅಂದು ಸೋಮವಾರ. ಬೆಳಿಗ್ಗೆಯೇ ಕೇರಿಯ ಹೆಂಗಸರೆಲ್ಲ ತಲೆಗೆ ಸಿಂಬಿ ಸುತ್ತಿಕೊಂಡು ದೊಡ್ಡಮ್ಮನ ಜಗಲಿಯ ಮುಂದೆ ಸೇರಿದ್ದರು. ಮದುವೆಗೆ ಹೊರಟ ದಿಬ್ಬಣದ ಹಾಗೆ ಗಲಾಟೆ. ಆಡಿಕೊಂಡವರೇ ಈಗ, "ಏಳಜ್ಜಿ, ನೀನ್ ಮುಂದೆ ನಡಿ" ಎಂದು ಕರೆಯುತ್ತಿದ್ದರು. ದೊಡ್ಡಮ್ಮ ಕಂಬಕ್ಕೆ ಒರಗಿ ಕೂತೇ ಇದ್ದಳು.

"ನೀವು ಹೋಗ್ಬನ್ರಮ್ಮ" ಅಂದಳು.

ಕಾಲು ನೋವಿರಬೇಕು ಎಂದುಕೊಂಡು ನಾನು ಕೈ ಹಿಡಿದೆ. ಅವಳು ಬಿಡಿಸಿಕೊಂಡಳು. ಹೆಂಗಸರು ಮುಂದೆ ಹೋದ ಮೇಲೆ ಹೇಳಿದಳು. "ನಾನು ಹೋಗಿ ಏನಂತ ಕೇಳ್ಲಿ, ಹೇಳು. ನಮ್ದು ಅಂದ್ಬುಟ್ಟೆ. ನಮ್ದನ್ನ ನಾವೇ ಸೆರಗೊಡ್ಡಿ ಬೇಡ್ತೀವೇನೆ?"

"ತಪ್ಪಾಯ್ತು ಅನ್ನು ದೊಡ್ಡಮ್ಮ. ಅಪ್ಪ ಕ್ಷಮಿಸ್ತಾನೆ."

"ಅವ್ನು ಕ್ಷಮಿಸ್ತಾನೆ ಕಣೇ, ಅವನ್ ಗುಣ ನಂಗೊತ್ತಿಲ್ವಾ. ಆದ್ರೆ ನಮ್ದಲ್ಲ, ತಪ್ಪಾಯ್ತು ಅಂತ ಅವನ ಮುಂದೆ ಹೇಳ್ಬುಟ್ರೆ ಆಫೀಸ್ನಾಗೆ ಹೇಳಿದ್ದು ಸುಳ್ಳಾಯ್ತೈತೆ. ಆ ಸುಳ್ಳಿನ ಮ್ಯಾಲೆ ಇವ್ರೆಲ್ಲ ಬೆಟ್ಟ ಹತ್ತಬೇಕಾ? ಅಲ್ಲಿ ಒಂದು, ಇಲ್ಲಿ ಒಂದು ಹೇಳಕ್ಕಾಗಲ್ಲ ನನ್ ಕೈಲಿ. ನಾನೊಬ್ಳು ಹೋಗ್ದೆ ಇದ್ರೆ ಇವ್ರ ದಾರಿ ಉಳೀತೈತೆ. ಬುಡು."

ನನಗೆ ಬಂದ ಸಿಟ್ಟು ಯಾರ ಮೇಲೆ ಅಂತ ಇವತ್ತಿಗೂ ಗೊತ್ತಿಲ್ಲ. ಅವಳ ಮೇಲೂ ಬಂತು, ಆ ಒಳ್ಳೆಯ ಆಫೀಸರುಗಳ ಮೇಲೂ ಬಂತು, ಅಲ್ಲಾಡಲಿ ಬಿಡಲಿ ಎಲೆಯ ಹಿಂದೆ ಕೂತಿರುವ ಆ ಅಪ್ಪನ ಮೇಲೂ ಬಂತು. ಒಂದು ಮಾತಿಗೆ ಇಷ್ಟು ಜೀವ ತೇಯುವ ಜನರನ್ನು, ಒಂದು ಮಾತಿನಿಂದಲೇ ತೂಗುವ ಕಾನೂನಿನ ಮುಂದೆ ತಂದು ನಿಲ್ಲಿಸಬಾರದು. ಈಗ ಯಾರಾದರೂ ಆ ಎರಡು ಅಂಕದ ಪ್ರಶ್ನೆ ಕೇಳಿದರೆ ನನ್ನ ಹತ್ತಿರ ಒಂದೇ ಉತ್ತರವಿದೆ. ಊರಿಗೆಲ್ಲ ಆ ಬೆಟ್ಟ ವನ್ಯಜೀವಿಧಾಮ, ದೊಡ್ಡಮ್ಮನೊಬ್ಬಳಿಗೆ ನ್ಯಾಷನಲ್ ಪಾರ್ಕ್.

ಈಗ ಸೋಮವಾರದ ದೀಪಕ್ಕೆ ಪಾರ್ವತಿ ಹೋಗುತ್ತಾಳೆ. ಬತ್ತಿ ದೊಡ್ಡಮ್ಮನೇ ಹೊಸೆದು ಕೊಡುತ್ತಾಳೆ, ಎಣ್ಣೆ ಅವಳೇ ಬಟ್ಟಲಿಗೆ ಬಗ್ಗಿಸುತ್ತಾಳೆ. ಹೋದ ಸೋಮವಾರ ನಾನು ಅಲ್ಲೇ ಇದ್ದೆ. ಪಾರ್ವತಿ ಹೊಸಿಲು ದಾಟುವಾಗ ತಿರುಗಿ, "ಅತ್ತೆ, ನಿಮ್ ಹೆಸ್ರೇಳಿ ಒಂದು ಹೂವ ಇಟ್ಬರ್ಲಾ?" ಎಂದು ಕೇಳಿದಳು.

"ಬ್ಯಾಡ ಕಣಮ್ಮ" ಅಂದಳು ದೊಡ್ಡಮ್ಮ. "ನನ್ ಸುದ್ದಿ ಎತ್ಬ್ಯಾಡ. ಅವ್ನಾಗೇ ಕೇಳಿದ್ರೆ, ಸತ್ತೋದ್ಲು ಅನ್ನು."